ಅವ್ವ ಕೂರುವ ಸೀಟು

2009ರ ಆಗಸ್ಟ್ 9, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ತುಮಕೂರು ರಸ್ತೆಯ ಕಾರು ಮಳಿಗೆಯೊಂದರಲ್ಲಿ ಮಂಡಿಯೂರಿ, ಎತ್ತರದ ಪುಟ್ಟ ಕಾರಿನ ಮುಂದಿನ ಸೀಟಿಗೆ ಅಳತೆ ಟೇಪು ಹಿಡಿದಿದ್ದೆ. ಅವ್ವ ಪಕ್ಕದಲ್ಲೇ ನಿಂತಿದ್ದಳು.

"ಎಲ್ರೂ ಮೈಲೇಜ್ ಕೇಳ್ತಾರೆ ಮೇಡಂ, ನೀವೇನು ಸೀಟ್ ಅಳೀತಿದ್ದೀರಾ?" ಎಂದ ಮಾರಾಟದ ಶಶಿಕುಮಾರ್.

"ಬಿಡು ಗುರು, ಪೀಣ್ಯದ ಫ್ಯಾಕ್ಟರೀಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ನಮ್ಮ ಭಾಗ್ಯ. ಇಡ್ಲಿ ಕೊಟ್ರೂ ಅಳೀತಾಳೆ," ಎಂದರು ಬಾಗಲಗುಂಟೆಯ ನಮ್ಮ ಮನೆ ಮಾಲೀಕ ಗೋಪಾಲಪ್ಪ. ಅವರ ಕಣ್ಣು ಪಕ್ಕದ ಉದ್ದನೆಯ ಕಾರಿನ ಮೇಲಿತ್ತು. "ಇದನ್ನ ತಗೋ ಕಣಮ್ಮ. ಬೀದೀಲಿ ಜನ ತಿರುಗಿ ನೋಡ್ಬೇಕು."

ನನಗೆ ಬೇಕಿದ್ದುದು ಒಂದೇ: ಅವ್ವ ಯಾರ ಕೈಯನ್ನೂ ಹಿಡಿಯದೆ ಹತ್ತಿ ಇಳಿಯಬೇಕು. ಕಟ್ಟಡದ ಕೂಲಿಯಲ್ಲೇ ನನ್ನನ್ನು ಬಿ.ಎಸ್ಸಿ. ಓದಿಸಿದವಳು ಅವಳು. ಆ ಕೆಲಸದಲ್ಲೇ ಬಿದ್ದ ಮೇಲೆ ಅವಳ ಎಡ ಮಂಡಿ ಪೂರ್ತಿ ಮಡಚುವುದಿಲ್ಲ. ಆಟೋದವರು ಕಂಕುಳಿಗೆ ಕೈಕೊಟ್ಟು ಎತ್ತಿದ ದಿನ ಅವಳು ಊಟ ಮಾಡುತ್ತಿರಲಿಲ್ಲ. ಮನೆಯಲ್ಲಿ ಇಟ್ಟಿಗೆ ಪೇರಿಸಿ, ಹಲಗೆ ಹಾಕಿ, ಅವಳನ್ನು ಕೂರಿಸಿ ನೋಡಿದ್ದೆ. 540 ಮಿಲಿಮೀಟರಿಗಿಂತ ತಗ್ಗಿನಿಂದ ಅವಳು ತಾನಾಗಿ ಏಳಲಾರಳು. ಈ ಸೀಟು 565 ಇತ್ತು.

"ಕೂಡವ್ವಾ," ಎಂದೆ.

ಕೂತಳು. ಏಳಲು ನೋಡಿದಳು, ಆಗಲಿಲ್ಲ. ಶಶಿಕುಮಾರ್ ಕೈಚಾಚಿದ.

"ಕೈ ತಗೀ ತಮ್ಮಾ. ನಾ ಏನ ಜ್ವಾಳದ ಚೀಲ ಏನು?"

ಕೊನೆಗೆ ನನ್ನ ಹೆಗಲಿಗೆ ಭಾರ ಹಾಕಿಯೇ ಎದ್ದಳು. ನನ್ನ ಮುಖ ನೋಡಲಿಲ್ಲ.

ತಪ್ಪು ನನ್ನದು. ಖಾಲಿ ಸೀಟು ಅಳೆದಿದ್ದೆ. ಹನ್ನೊಂದು ವರ್ಷ ಉಕ್ಕಿನ ಬಿಡಿಭಾಗಗಳನ್ನಷ್ಟೇ ಅಳೆದ ಕೈ. ಅವುಗಳ ಮೇಲೆ ಯಾರೂ ಕೂರುವುದಿಲ್ಲ. ಇಲ್ಲಿ ಕೂತರೆ ಸ್ಪಂಜೂ ತಗ್ಗುತ್ತದೆ, ಕಾರಿನ ಸ್ಪ್ರಿಂಗೂ ತಗ್ಗುತ್ತದೆ.

"ಅಣ್ಣ, ನೀವು ಒಂದೊಂದ್ರಲ್ಲೂ ಕೂತ್ಕೊಳ್ಳಿ," ಎಂದೆ ಗೋಪಾಲಪ್ಪನವರಿಗೆ. ಅವರು ಅವ್ವನಿಗಿಂತ ದಪ್ಪ; ಅವರ ಭಾರಕ್ಕೆ ಉಳಿಯುವ ಎತ್ತರ ಅವ್ವನಿಗೂ ಉಳಿಯುತ್ತದೆ.

"ನನ್ನನ್ನ ತೂಕದ ಕಲ್ಲು ಮಾಡ್ಬಿಟ್ಯಲ್ಲಮ್ಮ!" ಎನ್ನುತ್ತಲೇ ಐದು ಕಾರುಗಳಲ್ಲಿ ಕೂತರು. ನಾಲ್ಕು 540ಕ್ಕಿಂತ ತಗ್ಗಿ ಸೋತವು. ಉದ್ದನೆಯದು ಎಲ್ಲಕ್ಕಿಂತ ಕೆಳಗೆ ಹೋಯಿತು. ಉಳಿದದ್ದು ಮೂಲೆಯಲ್ಲಿದ್ದ ಮೊಂಡು ಮೂತಿಯ ವ್ಯಾನು.

"ಇದಾ? ಬ್ರೆಡ್ ಡಬ್ಬ ಇದ್ದಂಗಿದೆ," ಎಂದರು ಗೋಪಾಲಪ್ಪ.

ಅವ್ವ ಬೆನ್ನು ತಿರುಗಿಸಿ ಸೀಟಿಗೆ ಒರಗಿದಳು, ಕೂತಳು, ಕಾಲು ಒಳಗೆಳೆದುಕೊಂಡಳು. ಒಂದು ಕ್ಷಣ ಬಿಟ್ಟು ಕಾಲನ್ನು ಹೊರಗಿಟ್ಟು ಎದ್ದು ನಿಂತಳು. ಯಾರೂ ಮುಟ್ಟಿರಲಿಲ್ಲ. ಸೆರಗು ಸರಿಮಾಡಿಕೊಂಡು ಗಲ್ಲ ಮೇಲೆತ್ತಿ ಶಶಿಕುಮಾರನನ್ನು ನೋಡಿದಳು.

"ತಡಿ, ಇನ್ನೊಮ್ಮೆ ಕುಂತ್ ಏಳ್ತೀನಿ. ಈ ತಮ್ಮ ಸರಿ ನೋಡಿಲ್ಲ."

ಅವಳು ಮತ್ತೆ ಕೂತಾಗ ನಾನು ಟೇಪು ಬಿಚ್ಚಿದೆ. ನೆಲದಿಂದ ಸೀಟಿನ ಎತ್ತರ 558 ಮಿಲಿಮೀಟರ್.