ಒಳಚೆಂಡು

ಎರ್ಮಿನಿಯೊ ಕಸಾಡೊನ ಬಲಗೈಯಲ್ಲಿ ಬೆಂಕಿ ಇದೆ ಎಂದು ಸಾನ್ ಪೆದ್ರೊದವರೆಲ್ಲ ಹೇಳುತ್ತಿದ್ದರು. ಮೀಸೆ ಮೂಡುವ ಮೊದಲೇ ಉತ್ತರದ ಬೇಸ್‌ಬಾಲ್ ತಂಡವೊಂದು ಅವನನ್ನು ಅಮೆರಿಕಕ್ಕೆ ಕರೆದೊಯ್ದಿತ್ತು. ಬೇಸಿಗೆಯಲ್ಲಿ ಅಲ್ಲಿಯ ದೊಡ್ಡ ಲೀಗು, ಚಳಿಗಾಲಕ್ಕೆ ಊರಿಗೆ ಬಂದು ಪೆಲಿಕನ್ ತಂಡಕ್ಕೆ ಪಿಚರ್, ಅಂದರೆ ಚೆಂಡು ಎಸೆಯುವವನು. ಅವನು ಮೈದಾನದ ನಡುವಿನ ಎಸೆಯುವ ದಿಬ್ಬ ಹತ್ತಿದರೆ ಎದುರಿನ ಬ್ಯಾಟುಗಾರರು ಶಿಲುಬೆ ಮುಟ್ಟಿಕೊಳ್ಳುತ್ತಿದ್ದರು.

ಅಂಥ ಒಂದು ಚಳಿಗಾಲದಲ್ಲಿ ಅವನ ಬೆವರುಗೈಯಿಂದ ಜಾರಿದ ಚೆಂಡು ನೇರ ಹೋಗಿ ಒಸಿರಿಸ್ ಪೆಗೆರೊ ಎಂಬ ಬ್ಯಾಟುಗಾರನ ಕೆನ್ನೆಗೆ ಬಡಿಯಿತು. ಮೂಳೆ ಒಡೆದ ಸದ್ದು ಗ್ಯಾಲರಿಯಲ್ಲಿ ಕಡಲೆಕಾಯಿ ಮಾರುವವಳವರೆಗೂ ಕೇಳಿಸಿತಂತೆ. ಎರ್ಮಿನಿಯೊ ಆಸ್ಪತ್ರೆಗೆ ಓಡಿದ. ಒಸಿರಿಸ್‌ನ ಹೆಂಡತಿ ದಿಗ್ನಾ ಬಾಗಿಲಲ್ಲೇ ತಡೆದಳು. "ಮಾಡಿದ್ದು ಸಾಕು, ಹೋಗು" ಎಂದಳು. ಅವನು ತಲೆ ತಗ್ಗಿಸಿಕೊಂಡು ವಾಪಸಾದ.

ಬೇಕೆಂದೇ ಎಸೆದದ್ದಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದ್ದು ಅವನ ಕೈಗೆ ಮಾತ್ರ. ಅಂದಿನಿಂದ ಅದು ಒಳಚೆಂಡು ಎಸೆಯಲು ಒಪ್ಪಲಿಲ್ಲ. ಬ್ಯಾಟುಗಾರನ ಮೈ ಪಕ್ಕ ಹಾದುಹೋಗಬೇಕಾದ ಚೆಂಡು ತಾನಾಗಿಯೇ ಆಚೆ ಅಂಚಿಗೆ ಸರಿಯುತ್ತಿತ್ತು. ಬ್ಯಾಟುಗಾರನ ಮುಂದೆ ನೆಲದಲ್ಲಿರುವ ಪ್ಲೇಟಿನ ಎರಡೂ ಅಂಚನ್ನು ಆಳಲಾಗದ ಪಿಚರ್ ಎಂದರೆ ಒಂಟಿ ಎತ್ತಿನ ಗಾಡಿ. ಬ್ಯಾಟುಗಾರರಿಗೆ ಸುಳಿವು ಸಿಕ್ಕಲು ತಡವಾಗಲಿಲ್ಲ. ಪ್ಲೇಟಿನ ಮೇಲೆ ಬಗ್ಗಿ ನಿಂತು, ಆಚೆ ಬರುವ ಚೆಂಡನ್ನೇ ಕಾದು, ಬೇಲಿ ದಾಟಿಸತೊಡಗಿದರು. ಅಮೆರಿಕದ ತಂಡ ಅವನನ್ನು ಕೆಳಗಿನ ಲೀಗಿಗೆ ಇಳಿಸಿತು. ಬೇಸಿಗೆ ಮುಗಿಯುವಷ್ಟರಲ್ಲಿ ಕೈಬಿಟ್ಟಿತು.

ಊರಿಗೆ ಬಂದು ಮನೆ ಸೇರಿದ ಮಗನನ್ನು ತಾಯಿ ಎನೆರೋಲಿಸಾ ಕೆಲವು ದಿನ ಸುಮ್ಮನೆ ನೋಡಿದಳು. ಬೀದಿಬದಿಯಲ್ಲಿ ಯಾನಿಕೆಕೆ ಎಂಬ ಹಿಟ್ಟಿನ ರೊಟ್ಟಿ ಕರಿದು ಮಾರುವ ಅವಳಿಗೆ ಸುತ್ತಿಬಳಸಿ ಮಾತಾಡಿ ಗೊತ್ತಿರಲಿಲ್ಲ.

"ನಿಮ್ಮ ಮಾವನ ಬೈಕು ಸುಮ್ನೆ ನಿಂತಿದೆ. ಬಾಡಿಗೆಗೆ ಓಡಿಸ್ತೀಯಾ?"

"ಇಲ್ಲಮ್ಮ. ನಾನು ಪಿಚರ್ರು."

"ಪಿಚರ್ ಆದೋನು ಚೆಂಡು ಎಸೀತಾನೆ ಕಣೋ. ಹಿಂಗೆ ನನ್ನ ಬಾಣಲೆ ಮುಂದೆ ಕೂತು ಬಿಸಿಬಿಸಿ ನುಂಗಲ್ಲ."

ಮರುದಿನ ಬೆಳಿಗ್ಗೆಯೇ ಅವನು ಸಕ್ಕರೆ ಕಾರ್ಖಾನೆಯ ಹಿಂದಿನ ಹಳೆಯ ಮೈದಾನಕ್ಕೆ ಹೋದ. ತಂತಿಬೇಲಿಗೆ ಲಾರಿಯ ಟೈರು ಕಟ್ಟಿ ಅದರೊಳಗೆ ಚೆಂಡು ಎಸೆದ. ಟೈರಿಗೆ ಕೆನ್ನೆ ಇಲ್ಲವಲ್ಲ, ಎಸೆದದ್ದೆಲ್ಲ ಒಳಗೇ ಬಿತ್ತು. ಟೈರಿನ ಪಕ್ಕದಲ್ಲಿ ಒಬ್ಬ ಮನುಷ್ಯ ನಿಂತಿದ್ದಾನೆ ಎಂದು ಮನಸ್ಸಿನಲ್ಲಿ ಅಂದುಕೊಂಡದ್ದೇ ತಡ, ಚೆಂಡು ಆಚೆಗೆ ಹಾರಿತು. ಹಲ್ಲು ಕಚ್ಚಿ ಮತ್ತೆ ಎಸೆದ. ಮತ್ತೆ ಆಚೆಗೇ. ಹೀಗೇ ಎಷ್ಟೋ ಬೆಳಗು ಕಳೆದವು. ಕೈ ಸೋಲುತ್ತಿತ್ತೇ ಹೊರತು ಅವನು ಬರುವುದು ತಪ್ಪಲಿಲ್ಲ.

ಒಂದು ದಿನ ಹಿಂದಿನಿಂದ ದನಿ ಕೇಳಿಸಿತು.

"ಏನೋ ಮುಖ ಒಡೆಯೋನೆ, ಟೈರಿಗೂ ಹೆದರ್ತೀಯಾ?"

ತಿರುಗಿದರೆ ಒಸಿರಿಸ್. ಹೆಗಲ ಮೇಲೆ ಬ್ಯಾಟು, ಎಡಗೆನ್ನೆಯಲ್ಲಿ ಸಣ್ಣ ಗುಳಿ. ಎರ್ಮಿನಿಯೊ ಆ ಬ್ಯಾಟನ್ನೇ ನೋಡಿದ.

"ಹಂಗೆ ನೋಡ್ಬೇಡ, ಜಗಳಕ್ಕೆ ಬಂದಿಲ್ಲ. ಹುಂಜದ ಗುರುತಿನ ತಂಡದೋರು ಈ ಸಲ ಆಡೋಕೆ ಕರೆದಿದಾರೆ. ಆದ್ರೆ ಯಾರೇ ಒಳಗೆ ಎಸೆದ್ರೂ ನನ್ನ ಕಾಲು ಹಿಂದಕ್ಕೆ ಓಡುತ್ತೆ." ಒಸಿರಿಸ್ ನೆಲಕ್ಕೆ ಉಗುಳಿದ. "ಈ ಭಯ ಕೊಟ್ಟಿದ್ದು ನಿನ್ನ ಕೈ. ತೆಗೆಯೋದೂ ಅದೇ ತೆಗೀಬೇಕು. ನಾನು ಇಲ್ಲಿ ನಿಲ್ತೀನಿ. ಎಸಿ."

"ನನ್ನ ಕೈಲಿ ಆಗಲ್ಲ ಅಣ್ಣಾ."

"ನನ್ನ ಕೈಲೂ ಆಗಲ್ಲ. ಅದಕ್ಕೇ ಅಲ್ವಾ ಬಂದಿರೋದು?"

ಎರ್ಮಿನಿಯೊ ಎಸೆದ. ಚೆಂಡು ಪ್ಲೇಟಿನ ಹತ್ತಿರವೂ ಹೋಗದೆ ಕಬ್ಬಿನ ಗದ್ದೆ ಸೇರಿತು. ಆದರೂ ಒಸಿರಿಸ್‌ನ ಕಾಲು ಒಂದು ಮಾರು ಹಿಂದಕ್ಕೆ ಜಿಗಿದಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಗು ಬಂದರೂ ಯಾರೂ ನಗಲಿಲ್ಲ.

ಮೊದಮೊದಲು ಬಟ್ಟೆ ಸುತ್ತಿದ ಚೆಂಡು, ಆಮೇಲೆ ರಬ್ಬರಿನದು, ಕೊನೆಗೆ ನಿಜವಾದ ಚರ್ಮದ ಚೆಂಡು. ದಿನೇ ದಿನೇ ಎಸೆತ ಬೆರಳಗಲ ಬೆರಳಗಲ ಒಳಕ್ಕೆ ಸರಿಯಿತು. ದಿನೇ ದಿನೇ ಒಸಿರಿಸ್‌ನ ಕಾಲು ಅಷ್ಟಷ್ಟೇ ನೆಲ ಕಚ್ಚಿತು. ಗಂಡ ಎಲ್ಲಿಗೆ ಹೋಗುತ್ತಾನೆಂಬ ಅನುಮಾನ ಬಂದು ದಿಗ್ನಾ ಹಿಂಬಾಲಿಸಿಕೊಂಡು ಬಂದ ದಿನವೇ ಚೆಂಡು ಒಸಿರಿಸ್‌ನ ಪಕ್ಕೆಗೆ ಬಡಿಯಬೇಕೆ?

ಒಸಿರಿಸ್ ಮಂಡಿಯೂರಿದ. ಎರ್ಮಿನಿಯೊ ಕೈಗವಸು ಬಿಸುಟು ಓಡಿದ.

"ಅಲ್ಲೇ ನಿಲ್ಲು!" ಒಸಿರಿಸ್ ಕೂಗಿದ. "ಹತ್ತಿರ ಬಂದ್ರೆ ಬ್ಯಾಟಲ್ಲಿ ಹೊಡೀತೀನಿ. ವಾಪಸ್ ಹೋಗು. ಅದೇ ಜಾಗಕ್ಕೆ ಇನ್ನೊಂದು ಎಸಿ. ಈಗ್ಲೇ!"

ಎರ್ಮಿನಿಯೊ ಅಲ್ಲೇ ನಿಂತ. ಇನ್ನು ಸಾಕು, ಬೈಕು ಓಡಿಸುತ್ತೇನೆ ಎಂದು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ದಿಗ್ನಾ ಬೇಲಿ ದಾಟಿ ಅವನೆದುರು ಬಂದು ನಿಂತಳು. ಅವಳ ಕಣ್ಣು ಕೆಂಡವಾಗಿತ್ತು.

"ನಿನ್ನ ಕಂಡ್ರೆ ನಂಗೆ ಇವತ್ತಿಗೂ ಆಗಲ್ಲ" ಎಂದಳು. "ಆದ್ರೆ ಒಂದು ಮಾತು ಕೇಳು. ಅಯ್ಯೋ ಪಾಪ, ತಗಲುತ್ತೇನೋ ಅಂತ ನಡುಗ್ತಾ ಎಸೆದೆಯಲ್ಲ, ಅದಕ್ಕೇ ತಗಲಿದ್ದು. ನನ್ನ ಗಂಡ ಎದ್ದು ನಿಲ್ತಾವ್ನೆ, ನೋಡು. ಅವನೇ ನಿಂತಿರ್ಬೇಕಾದ್ರೆ ನಿಂದೇನು ನಡುಕ? ಎಸೆಯೋದಾದ್ರೆ ಗಟ್ಟಿಯಾಗಿ ಎಸಿ. ಇಲ್ಲಾಂದ್ರೆ ಮನೆಗೆ ಹೋಗಿ ಅಮ್ಮನ ಸೆರಗು ಹಿಡ್ಕೊ."

ಅವನು ದಿಬ್ಬಕ್ಕೆ ಮರಳಿದ. ಒಸಿರಿಸ್ ಪಕ್ಕೆ ಒತ್ತಿಕೊಂಡೇ ಎದ್ದು ಬ್ಯಾಟು ಎತ್ತಿ ನಿಂತಿದ್ದ. ಎರ್ಮಿನಿಯೊ ಈ ಸಲ ಅವನ ಕೆನ್ನೆ ನೋಡಲಿಲ್ಲ, ಪಕ್ಕೆಯನ್ನೂ ನೋಡಲಿಲ್ಲ. ಟೈರಿನ ಒಳ ಅಂಚನ್ನೇ ದಿಟ್ಟಿಸಿ ಇಡೀ ಮೈಯ ಬಲ ಹಾಕಿ ಎಸೆದ. ಚೆಂಡು ಒಸಿರಿಸ್‌ನ ಅಂಗಿ ಸವರುವಂತೆ ಹಾದು ಟೈರಿಗೆ ಬಡಿದು ಗುಡುಗಿತು. ಒಸಿರಿಸ್‌ನ ಕಾಲು ಅಲುಗಲಿಲ್ಲ.

"ಈಗ ಮಾತಾಡಿತು ನೋಡು ಕೈ!" ಎಂದ ಒಸಿರಿಸ್.

ದಿಗ್ನಾ ಬೇಲಿ ದಾಟಿ ಹೊರಟುಹೋದಳು. ಮರುದಿನ ಕಾಫಿಯ ಫ್ಲಾಸ್ಕು ಹಿಡಿದು ಬಂದು ಬೇಲಿಯಾಚೆ ಕೂತಳು. ಲೋಟಗಳು ಮೂರಿದ್ದವು.

ಪೆಲಿಕನ್ ತಂಡದ ಮ್ಯಾನೇಜರು ದೋನ್ ಫೌಸ್ತೊ ಮುದುಕ, ಮುಂಗೋಪಿ. ಎರ್ಮಿನಿಯೊ ಹೋಗಿ ತಂಡದಲ್ಲಿ ಜಾಗ ಕೇಳಿದಾಗ ಚುಟ್ಟ ಬಾಯಿಂದ ತೆಗೆಯಲಿಲ್ಲ.

"ಒಳಗೆ ಎಸೀತೀಯಾ?"

"ಎಸೀತೀನಿ, ದೋನ್ ಫೌಸ್ತೊ."

"ಬಾಯಲ್ಲಿ ಎಲ್ಲರೂ ಎಸೀತಾರೆ. ಆಟದ ಕೊನೇಲಿ ಬೇಕಾದ್ರೆ ಕರೀತೀನಿ. ಒಂದೇ ಒಂದು ಸಲ ಹೆದರಿದ್ದು ಕಂಡ್ರೆ, ಅವತ್ತೇ ಗಂಟುಮೂಟೆ ಕಟ್ಟು."

ಕೊನೆಯಲ್ಲಿ ಕರೆದಾಗೆಲ್ಲ ಅವನು ಎಸೆದ, ಒಳಗೂ ಎಸೆದ, ಉಳಿದುಕೊಂಡ. ಕ್ರಿಸ್‌ಮಸ್ಸಿಗೆ ಮುಂಚಿನ ಭಾನುವಾರ ಮಧ್ಯಾಹ್ನ ಹುಂಜದ ತಂಡ ಸಾನ್ ಪೆದ್ರೊಗೆ ಬಂತು. ಕೊನೆಯ ಸರದಿ, ಪೆಲಿಕನ್‌ಗೆ ಎರಡು ರನ್ನಿನ ಮುನ್ನಡೆ, ಎದುರಿನ ಇಬ್ಬರು ಓಟಗಾರರು ಎರಡನೇ, ಮೂರನೇ ಬೇಸುಗಳಲ್ಲಿ ರನ್ನಿಗೆ ಕಾದು ನಿಂತಿದ್ದರು, ಒಬ್ಬ ಔಟು, ಇನ್ನಿಬ್ಬರು ಔಟಾದರೆ ಆಟ ಪೆಲಿಕನ್‌ದು. ದೋನ್ ಫೌಸ್ತೊ ಎರ್ಮಿನಿಯೊನನ್ನು ಕರೆದ. ಬ್ಯಾಟು ಹಿಡಿದು ನಡೆದು ಬಂದವನು ಒಸಿರಿಸ್.

ಮೈದಾನದಲ್ಲಿ ಡೋಲು, ತುತ್ತೂರಿ ಎಲ್ಲ ನಿಂತುಹೋದವು. ಪ್ಲೇಟಿನ ಹಿಂದೆ ಚೆಂಡು ಹಿಡಿಯುವ ಕ್ಯಾಚರ್ ಬೋನಿ ಕೂತಲ್ಲಿಂದಲೇ ಬೆರಳಲ್ಲಿ ಸನ್ನೆ ಮಾಡಿದ: ಆಚೆ ಅಂಚಿಗೆ. ಎರ್ಮಿನಿಯೊ ಬೇಡವೆಂದು ತಲೆ ಅಲ್ಲಾಡಿಸಿದ. ಬೋನಿ ಮತ್ತೆ ಅದನ್ನೇ ತೋರಿಸಿದ. ಎರ್ಮಿನಿಯೊ ಮತ್ತೆ ತಲೆ ಅಲ್ಲಾಡಿಸಿದ. ಬೋನಿ ನಿಟ್ಟುಸಿರು ಬಿಟ್ಟು ಒಳಕ್ಕೆ ಸರಿದು ಕೂತ.

ಮೊದಲನೆಯದು ಒಸಿರಿಸ್‌ನ ಎದೆಯ ಪಕ್ಕವೇ ಹೋಯಿತು. ಜನ "ಹೋ!" ಎಂದರು. ಒಸಿರಿಸ್ ಕಂಬದಂತೆ ನಿಂತಿದ್ದ. ಸ್ಟ್ರೈಕ್. ಎರಡನೆಯದೂ ಒಳಗೆ, ಬೀಸಿದ ಬ್ಯಾಟಿನ ಹಿಡಿಗೆ ತಗಲಿ ಹಿಂದಕ್ಕೆ ಹಾರಿತು. ಎರಡು ಸ್ಟ್ರೈಕ್, ಮೂರನೆಯದಾದರೆ ಔಟು. ಮೂರನೆಯದನ್ನು ಎರ್ಮಿನಿಯೊ ಅಲ್ಲಿಗೇ ಎಸೆದ. ಒಸಿರಿಸ್ ಕಾದಿದ್ದವನಂತೆ ಬೀಸಿದ. ಚೆಂಡು ಮೂರನೇ ಬೇಸು ಕಾಯುವವನ ತಲೆ ಮೇಲಿಂದ ಸೊಂಯ್ಯನೆ ಹೋಯಿತು. ಒಬ್ಬ ಓಡಿ ಬಂದು ರನ್ನು ಕೂಡಿಸಿದ, ಇನ್ನೊಬ್ಬ ಮೂರನೇ ಬೇಸಿನಲ್ಲಿ ನಿಂತ.

ಮೊದಲ ಬೇಸಿನಿಂದ ಒಸಿರಿಸ್ ಕೂಗಿದ: "ಚೆನ್ನಾಗಿತ್ತು ಕಣೋ! ಇನ್ನೊಂದು ಇದ್ರೆ ಕೊಡು, ಮನೆಗೆ ಒಯ್ತೀನಿ!"

ಎರ್ಮಿನಿಯೊಗೆ ಮೈ ಉರಿದುಹೋಯಿತು. ಎಷ್ಟೋ ದಿನದ ಮೇಲೆ ಅವನಿಗೆ ಬಂದದ್ದು ಶುದ್ಧವಾದ ಸಿಟ್ಟು. ಅದರಲ್ಲಿ ಭಯದ ಕಲಬೆರಕೆ ಇರಲಿಲ್ಲ. ದೋನ್ ಫೌಸ್ತೊ ಎದ್ದು ನಿಂತದ್ದು ಕಾಣಿಸಿತು. ತನ್ನನ್ನು ಆಟದಿಂದ ತೆಗೆಯಬೇಡ ಎಂಬಂತೆ ಎರ್ಮಿನಿಯೊ ಅವನತ್ತ ಅಂಗೈ ತೋರಿಸಿದ. ಮುದುಕ ಕೂತುಕೊಂಡ.

ಮುಂದಿನ ಬ್ಯಾಟುಗಾರ ಪ್ಲೇಟಿನ ಮೇಲೆ ಬಗ್ಗಿ ನಿಂತಿದ್ದ. ಎರ್ಮಿನಿಯೊ ಅವನ ಮುಷ್ಟಿಯ ಕೆಳಕ್ಕೇ ಎಸೆದ. ಬ್ಯಾಟು ಎರಡು ಹೋಳಾಯಿತು. ಚೆಂಡು ಸತ್ತಂತೆ ನೆಲದ ಮೇಲೆ ಉರುಳಿತು; ಎರ್ಮಿನಿಯೊ ಹೆಕ್ಕಿ ಎರಡನೇ ಬೇಸಿಗೆ ಎಸೆದ. ಅತ್ತ ಓಡುತ್ತಿದ್ದ ಒಸಿರಿಸ್ ಔಟು, ಅಲ್ಲಿಂದ ಮೊದಲ ಬೇಸಿಗೆ ಚೆಂಡು ಹಾರಿ ಬ್ಯಾಟುಗಾರನೂ ಔಟು. ಆಟ ಮುಗಿಯಿತು, ಪೆಲಿಕನ್ ಗೆದ್ದಿತು. ಒಸಿರಿಸ್ ಧೂಳು ಕೊಡವಿಕೊಳ್ಳುತ್ತ ಅವನಿಗೆ ಬಾಯಿತುಂಬ ಬೈದು ಹೋದ. ಬೈಗುಳ ಕೇಳಿ ಎರ್ಮಿನಿಯೊಗೆ ಹೊಟ್ಟೆ ತುಂಬಿತು.

ಅಮೆರಿಕದ ದೊಡ್ಡ ಲೀಗು ಅವನನ್ನು ಮತ್ತೆ ಕರೆಯಲಿಲ್ಲ. ಬೇಸಿಗೆಗೆ ಮೆಕ್ಸಿಕೊದ ತಂಡವೊಂದು ಕರೆಯಿತು. ವೇಗ ಇಳಿದ ಮೇಲೂ, ಭುಜ ಪೂರ್ತಿ ಸೋಲುವವರೆಗೂ, ವರ್ಷಗಟ್ಟಲೆ ಅಲ್ಲಿ ಎಸೆದ. ಆ ಅವಧಿಯಲ್ಲಿ ಅವನ ಚೆಂಡು ಇನ್ನೂ ಕೆಲವರಿಗೆ ತಗಲಿತು. ತಗಲಿದವನನ್ನು ಪ್ರತಿ ಸಲವೂ ಹುಡುಕಿಕೊಂಡು ಹೋಗಿ ನೋಡಿದ, ಕ್ಷಮೆ ಕೇಳಿದ. ಮುಂದಿನ ಆಟದಲ್ಲಿ ಅದೇ ಮನುಷ್ಯ ಎದುರು ನಿಂತರೆ, ಮೊದಲ ಚೆಂಡನ್ನೇ ಒಳಕ್ಕೆ ಎಸೆದ.