ಖಾಲಿ ಚೀಟಿಗಳು

ಊಟದ ಕೋಣೆಯ ನೆಲದ ಮೇಲೆ ಮುನ್ನೂರ ಹನ್ನೆರಡು ಚೀಟಿಗಳಿದ್ದವು. ಅವುಗಳಲ್ಲಿ ನಲವತ್ತು ಖಾಲಿ.

"ಮೂರು ವಾರದಿಂದ ಫ್ರಿಜ್ ಹತ್ರ ಹೋಗೋಕೆ ಕುಂಟೆಬಿಲ್ಲೆ ಆಡ್ತಿದ್ದೀನಿ, ಪಂಡಿತಮ್ಮ," ಎಂದರು ಅತ್ತಿಗೆ, ಒಂಟಿ ಕಾಲಲ್ಲಿ ನಿಂತು. "ಏನೂ ಬರೀದೆ ಇರೋದನ್ನಾದ್ರೂ ಎತ್ತು."

"ಅವನ್ನೇ ಎತ್ತೋ ಹಾಗಿಲ್ಲ ಅತ್ತಿಗೆ."

ಮುಚ್ಚಿಹೋದ ಟೆಲಿಫೋನ್ ಎಕ್ಸ್‌ಚೇಂಜೊಂದರಲ್ಲಿ ದುಡಿದಿದ್ದ ಹದಿನಾಲ್ಕು ಹೆಂಗಸರನ್ನು ಸಂಶೋಧನೆಗಾಗಿ ಮಾತಾಡಿಸಿದ್ದೆ. ಅವರ ಮಾತೆಲ್ಲ ಚೀಟಿಗಳಲ್ಲಿತ್ತು. ಕೆಲವು ಪ್ರಶ್ನೆಗಳಿಗೆ ಸುಮ್ಮನಾಗಿದ್ದರು. ಆ ಮೌನಕ್ಕೂ ಒಂದೊಂದು ಚೀಟಿ ಇಟ್ಟಿದ್ದೆ, ಸೆಕೆಂಡಿಗೆ ಅರ್ಧ ಸೆಂಟಿಮೀಟರಿನಂತೆ ಕತ್ತರಿಸಿ, ಏನೂ ಬರೆಯದೆ.

ಗೈಡ್ ಮೇಡಂ ಬೇರೆ ಊರಿಗೆ ವರ್ಗವಾಗಿದ್ದರು. ಫೋನಿನಲ್ಲಿ ಹೇಳಿದ್ದರು: "ನೆಲದ ಫೋಟೋ ತೆಗೆದು ಕಳಿಸ್ಬೇಡ. ಚೀಟಿಗಳನ್ನ ಎಲ್ಲಿ ಬೇಕಾದ್ರೂ ಇಡೋ ಕ್ಯಾನ್ವಾಸ್ ಆ್ಯಪ್‌ಗಳು ಬೇಕಾದಷ್ಟಿವೆ. ಒಂದನ್ನ ಆರಿಸ್ಕೊಂಡು ಸೋಮವಾರ ತೋರಿಸು. ಈ ಮೌನದ ಅಧ್ಯಾಯ ಬೇಕೋ ಬೇಡ್ವೋ ಆಮೇಲೆ ಹೇಳ್ತೀನಿ."

ಶನಿವಾರ ಬೆಳಿಗ್ಗೆ ಒಬ್ಬರೇ ಹೆಂಗಸಿನ ಚೀಟಿಗಳನ್ನು ಹಿಡಿದು ಪರೀಕ್ಷೆಗೆ ಕೂತೆ. ಮೊದಲನೆಯ ಆ್ಯಪ್ ಕಣ್ಣಿಗೆ ಹಬ್ಬ. ಬಣ್ಣ, ಬಾಣ, ನೆರಳು. ಮುಚ್ಚಿ ತೆರೆದಾಗ ಖಾಲಿ ಚೀಟಿ ಒಂದೂ ಇರಲಿಲ್ಲ. ಬರಹವಿಲ್ಲದ್ದನ್ನು ಅದು ತಾನಾಗಿಯೇ ಅಳಿಸುತ್ತದಂತೆ. ಎರಡನೆಯದು ಅಳಿಸಲಿಲ್ಲ, ಆದರೆ ಎಲ್ಲವನ್ನೂ ಸಾಲಾಗಿ ನಿಲ್ಲಿಸಿ ಒಂದೇ ಅಳತೆಗೆ ತಂದಿತು. ಎರಡು ಸೆಕೆಂಡಿನ ಮೌನವೂ ಇಪ್ಪತ್ತು ಸೆಕೆಂಡಿನ ಮೌನವೂ ಅಲ್ಲಿ ಒಂದೇ.

"ಒಂದೊಂದು ಚುಕ್ಕೆ ಇಟ್ಟು ಕೈ ತೊಳ್ಕೋ. ಯಾರಿಗೆ ಗೊತ್ತಾಗುತ್ತೆ?" ಎಂದರು ಅತ್ತಿಗೆ.

"ಚುಕ್ಕೆ ಇಟ್ರೆ ಅದು ನನ್ನ ಮಾತಾಗುತ್ತೆ."

ಇದನ್ನು ಹೇಳುವಾಗ ನನಗೆ ಯಾವ ಅನುಮಾನವೂ ಇರಲಿಲ್ಲ. ಬೇರೆ ಎಷ್ಟೋ ವಿಷಯಗಳಲ್ಲಿ ಹಿಂದೆಮುಂದೆ ನೋಡುವವಳು ನಾನು, ಇದರಲ್ಲಿ ಅಲ್ಲ.

ಮೂರನೆಯದು ಮುಖ ತೊಳೆಯದೆ ಎದ್ದು ಬಂದಂತಿತ್ತು. ಬೂದು ಬಣ್ಣ, ಮೊಂಡು ಅಕ್ಷರ. ಖಾಲಿ ಚೀಟಿಯನ್ನು ಬೇಕಾದಷ್ಟು ಉದ್ದಕ್ಕೆ ಎಳೆದೆ, ಮುಚ್ಚಿದೆ, ತೆರೆದೆ. ಇಟ್ಟಲ್ಲೇ ಇತ್ತು.

"ಇದೇ," ಎಂದೆ.

"ಇದಾ? ಹಳೇ ಆಫೀಸಿನ ಗೋಡೆ ಇದ್ದಂಗಿದೆ."

"ಇರಲಿ. ಹೇಳಿದ ಮಾತು ಕೇಳುತ್ತೆ."

"ಹಾಗಾದ್ರೆ ನಿಮ್ಮಣ್ಣನಿಗಿಂತ ವಾಸಿ ಬಿಡು."

ಭಾನುವಾರವಿಡೀ ಅತ್ತಿಗೆ ಓದಿ ಹೇಳಿದರು, ನಾನು ತುಂಬಿದೆ. ಖಾಲಿಯವನ್ನು ಅವರು ಟೇಪು ಹಿಡಿದು ಅಳೆದರು. ಒಂದು ಉದ್ದದ ಚೀಟಿಯ ಹತ್ತಿರ ಅವರ ಕೈ ನಿಂತಿತು.

"ಇದು ಏನ್ ಕೇಳಿದಾಗ?"

"ಎಕ್ಸ್‌ಚೇಂಜ್ ಮುಚ್ಚಿದ ದಿನ ಮನೆಗೆ ಹೋಗಿ ಏನು ಹೇಳಿದ್ರಿ ಅಂದಾಗ. ನಲವತ್ತೊಂದು ಸೆಕೆಂಡು."

ಅತ್ತಿಗೆ ಇನ್ನೊಂದು ಸಲ ಅಳೆದರು. ಆಮೇಲೆ ತಮಾಷೆ ಮಾಡಲಿಲ್ಲ.

ಸೋಮವಾರ ಮೇಡಂ ಅದನ್ನು ತೆರೆದಾಗ ಅವರ ಮೌಸಿನ ಬಾಣ ನನ್ನ ಪರದೆಯ ಮೇಲೂ ಕಾಣುತ್ತಿತ್ತು. ಚೀಟಿಯಿಂದ ಚೀಟಿಗೆ ಸರಸರನೆ ಓಡಿ, ಖಾಲಿ ಚೀಟಿಗಳ ಗುಂಪಿನ ಬಳಿ ನಿಧಾನವಾಯಿತು. ಫೋನಿನಲ್ಲಿ ಉಸಿರು ಮಾತ್ರ ಕೇಳುತ್ತಿತ್ತು.

"ಮುಚ್ಚಿದ ದಿನದ ಈ ಒಂದೇ ಪ್ರಶ್ನೆಗೆ ಹನ್ನೊಂದು ಜನ ಸುಮ್ಮನಾಗಿದ್ದಾರಾ?"

"ಹೌದು ಮೇಡಂ."

"ಉಳಿದ ಮೂವರು?"

"ಪಕ್ಕದಲ್ಲೇ ಇದೆ, ನೋಡಿ. ‘ಮನೇಲಿ ಏನೂ ಹೇಳ್ಲಿಲ್ಲ’ ಅಂದ್ರು. ಮೂವರೂ."

ಬಾಣ ಅಲ್ಲಿಗೆ ಹೋಗಿ ನಿಂತಿತು.

"ಅಧ್ಯಾಯ ಇಲ್ಲಿಂದಲೇ ಶುರು ಮಾಡು," ಎಂದರು ಕೊನೆಗೆ.

"ಎರಡು ಪುಟ ಆಗಿದೆ ಮೇಡಂ."

"ನಾನು ಬೇಡ ಅಂದಿದ್ರೆ?"

"ಮೂರನೇದು ಬರೀತಿದ್ದೆ."