ಬಾವಿಯ ತಳದ ದೇಶ

ಗೋಡೆಗೆ ಒರಗಿಸಿ ಕೂಡಿಸಿದ್ದ ಸುಗಲಾಬಾಯಿಯ ತಲೆ ಮತ್ತೆ ಎಡಕ್ಕೆ ವಾಲಿತು. ಪ್ರಾಜಕ್ತಾ ಅದನ್ನು ಮೆಲ್ಲಗೆ ನೆಟ್ಟಗೆ ಮಾಡಿ ಹಣೆಗೆ ವಿಭೂತಿ ಹಚ್ಚಿದಳು. ಸಾವಿನ ಸುದ್ದಿ ಕೇಳಿದ ಕೂಡಲೇ ಹೋಟಗಿಯಿಂದ ಅಕ್ಕಲಕೋಟೆಗೆ ಓಡಿ ಬಂದವಳು ಇನ್ನೂ ನೀರು ಸಹ ಕುಡಿದಿರಲಿಲ್ಲ.

ಬಾಗಿಲ ಬಳಿಯ ಕುರ್ಚಿಯಲ್ಲಿ ಸುಗಲಾಬಾಯಿಯ ಗಂಡ ರಾಚಪ್ಪ ಕೂತಿದ್ದರು. ಸೊಲ್ಲಾಪುರದ ನವಿ ಪೇಠದ ಅರಿವೆ ಅಂಗಡಿಯಲ್ಲಿ ಜೀವಮಾನವಿಡೀ ಗಿರಾಕಿಗಳ ಮುಂದೆ ಬಟ್ಟೆಯ ಸುರುಳಿ ಬಿಚ್ಚಿ ಹರಡಿದ ಕೈಗಳು ಈಗ ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದವು. ಎರಡು ವರ್ಷದಿಂದ ಹೆಂಡತಿಯ ಹಾಸಿಗೆಯ ಪಕ್ಕ ನಿದ್ದೆಗೆಟ್ಟ ಮನುಷ್ಯ. ಬಂದವರಿಗೆಲ್ಲ ಅವರದು ಒಂದೇ ಮಾತು: "ಬರ್ರಿ, ಕೂಡ್ರಿ."

"ಅಕ್ಕಾ, ನೀವೂ ಬಾಯಾರ ಕೈಯಾಗ ಕಲ್ತವರೇನ್ರಿ?" ಹೂವಿನ ಹಾರ ತಂದಿದ್ದ ಅಮೋಲ್ ಕೇಳಿದ. ಅವಳಿಗಿಂತ ಎರಡು-ಮೂರು ವರ್ಷ ಸಣ್ಣವನು.

"ಹೂಂ. ಸಾತವಿ ಒಳಗ."

"ಅಂದ್ರ ಆ ಬಾವಿ ಪುಸ್ತಕ ನಿಮಗೂ ಓದಿಸ್ಯಾರ!"

* * *

ಕನ್ನಡ ಸಾಲೆಯ ಸಾತವಿಗೆ, ಅಂದರೆ ಏಳನೆಯ ತರಗತಿಗೆ, ಸುಗಲಾಬಾಯಿ ಪ್ರತಿವರ್ಷ ಅದೇ ಹಳೆಯ ಕಾದಂಬರಿಯನ್ನು ಓದಿಸುತ್ತಿದ್ದರು. ಸತ್ತ ತಾಯಿಯನ್ನು ಹುಡುಕುತ್ತ ಬಾವಿಯ ತಳದ ದೇಶಕ್ಕೆ ಇಳಿಯುವ ಹುಡುಗಿಯ ಕತೆ. ಒಂದೊಂದು ಮೆಟ್ಟಿಲಿಗೂ ಅವಳು ಒಂದೊಂದು ಸಂಗತಿ ಮರೆಯುತ್ತ ಹೋಗುತ್ತಾಳೆ. ಬೀದಿಯಲ್ಲಿ ಮರಾಠಿ ಆಡಿ ಬಂದ ಮಕ್ಕಳಿಗೆ ಆ ಪುಸ್ತಕದ ಕನ್ನಡ ಬಿಗಿ. ಬಾಯಾರು ಒಂದು ಪುಟ ಓದಿ ನಿಲ್ಲಿಸುತ್ತಿದ್ದರು.

"ಈ ಮೆಟ್ಟಲದ ಮ್ಯಾಲ ಆಕಿ ಏನ್ ಮರ್ತಳು? ಯಾಕ ಮರ್ತಳು? ವಿಚಾರ ಮಾಡ್ರಿ."

ಯಾರಾದರೂ ಕತೆಗೆ ತಮ್ಮದೊಂದು ಸೇರಿಸಿದರೆ ಸಿಟ್ಟು. "ಪುಸ್ತಕದಾಗ ಇದ್ದದ್ದ ಹೇಳ್ರಿ. ನಿಮ್ಮ ಮನಸಿಗಿ ಬಂದಂಗ ಅಲ್ಲ."

ಪ್ರಾಜಕ್ತಾಳ ತಾಯಿ ತೀರಿಕೊಂಡದ್ದು ಆ ವರ್ಷವೇ. ಸಾಲೆ ಬಿಟ್ಟ ಮೇಲೆ ಅವಳು ಹೊಲದ ಬಾವಿಯ ಅಂಚಿಗೆ ಕಾಲು ಇಳಿಬಿಟ್ಟು ಕೂತಿರುತ್ತಿದ್ದಳು. ಒಂದು ಸಂಜೆ ಬಾಯಾರು ಅಲ್ಲಿಗೇ ಬಂದರು. ಬೈಯಲಿಲ್ಲ. ಸೀರೆ ಮಡಚಿಕೊಂಡು ಪಕ್ಕದಲ್ಲಿ ಕೂತರು.

"ಬಾಯಿ, ಕಡೀಕ ಆಕಿಗಿ ಅವ್ವ ಸಿಗ್ತಾಳೇನ್ರಿ?"

ಬಾಯಾರು ನೀರಿನಿಂದ ಕಣ್ಣು ತೆಗೆದು ಅವಳ ಕಡೆ ತಿರುಗಿದರು. "ಸಿಗ್ತಾಳ. ನಾಳಿ ಸಾಲಿಗಿ ಬಾ, ಓದ್ತೀನಿ."

ಮರುದಿನ ಓದಿದರು. ಕೊನೆಯ ಪುಟದಲ್ಲಿ ತಾಯಿ ಮಗಳ ತಲೆ ಬಾಚಿ, ಜಡೆ ಹಾಕಿ, ಮನೆಗೆ ಹೋಗು, ಅಪ್ಪ ಕಾಯುತ್ತಾನೆ ಎಂದಳು. ಹುಡುಗಿ ಎಲ್ಲ ಮೆಟ್ಟಿಲು ಹತ್ತಿ ಮೇಲೆ ಬಂದಳು. ಅಂದು ಪ್ರಾಜಕ್ತಾ ಬಾವಿಯ ಕಡೆ ಹೋಗದೆ ನೇರ ಮನೆಗೆ ನಡೆದಳು. ಅಪ್ಪ ಹೊಸ್ತಿಲಲ್ಲೇ ಕೂತಿದ್ದ.

* * *

ರುದ್ರಭೂಮಿಯ ನೆಲ ಗಟ್ಟಿಯಾಗಿತ್ತು, ಸಮಾಧಿಯ ಗುಣಿ ತೋಡುವುದು ಮುಗಿಯುತ್ತಲೇ ಇರಲಿಲ್ಲ. ಜನ ಬೇವಿನ ನೆರಳಲ್ಲಿ ಕುಕ್ಕರಿಸಿದ್ದರು.

"ಕಡೀ ಪುಟ ಓದಿದಾಗ ನಮ್ಮ ವರ್ಗಕ್ಕ ವರ್ಗನ ಅತ್ತಿತ್ತು," ಅಮೋಲ್ ಅಂದ. "ಆ ಹುಡುಗಿ ಕೆಳಗ ಉಳದ ಬಿಟ್ಳಲ್ಲ."

"ಉಳೀಲಿಲ್ಲ. ತಿರುಗಿ ಬಂದ್ಳು."

"ಇಲ್ರಿ ಅಕ್ಕಾ. ಬದಲ್ ಮಾಡ್ರಿ ಬಾಯಿ ಅಂತ ನಾ ಹಟ ಮಾಡಿದ್ದೆ. ಪುಸ್ತಕ ನನ್ನ ಕೈಯಾಗ ಕೊಟ್ಟು ನೀನ ಓದು ಅಂದ್ರು. ಅವ್ವನ ಉಡಿಯಾಗ ಮಲ್ಕೊಂಡು ಎಲ್ಲಾ ಮರೀತಾಳ. ಅಷ್ಟ."

ಪ್ರಾಜಕ್ತಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಪಕ್ಕದಲ್ಲಿದ್ದ ರಾಚಪ್ಪ ತಲೆ ಎತ್ತದೆಯೇ ಮಾತಾಡಿದರು. "ಒಂದ್ ದಿನ ಸಾಲಿಯಿಂದ ಬಂದಾಕಿ ಉಣಲಿಲ್ಲ. ಹುಡುಗರ ಮುಂದ ಸುಳ್ಳ ಓದಿ ಬಂದೀನಿ ಅಂದ್ಳು. ಏನ್ ಸುಳ್ಳ, ಯಾಕ, ನಾ ಕೇಳಲಿಲ್ಲ. ದಿನಾ ಸೊಲ್ಲಾಪುರಕ್ಕ ಹೋಗಿ ಬಂದು ದಣಿದಿರ್ತಿದ್ದೆ."

"ನನ್ನ ಸಲುವಾಗಿ ಓದಿದ್ರು, ಕಾಕಾ," ಎಂದಳು ಪ್ರಾಜಕ್ತಾ.

ಅಷ್ಟರಲ್ಲಿ ಗುಣಿಯ ಕಡೆಯಿಂದ ಕರೆದರು. ಕೂತ ಭಂಗಿಯಲ್ಲೇ ಸುಗಲಾಬಾಯಿಯನ್ನು ಇಳಿಸಿದರು. ಬಿಲ್ವಪತ್ರೆ ಬಿತ್ತು, ಮಣ್ಣು ಬಿತ್ತು.

ಸಂಜೆಗೆ ನೆಂಟರು ಒಬ್ಬೊಬ್ಬರಾಗಿ ಬಸ್ಸು ಹಿಡಿದರು. ಪ್ರಾಜಕ್ತಾ ಚಹಾ ಮಾಡಿ ರಾಚಪ್ಪನ ಕೈಗೆ ಕೊಟ್ಟಳು. ಅವರು ಎರಡು ಗುಟುಕು ಕುಡಿದು ಕೆಳಗಿಟ್ಟರು.

"ಆ ಹುಡುಗಿ ಕತಿ ಮೊದಲಿಂದ ಹೇಳವ್ವ. ನಾ ಕೇಳೇ ಇಲ್ಲ."

ಅವಳು ಎದುರು ಕೂತು ಶುರು ಮಾಡಿದಳು. ಹುಡುಗಿ ಮೂರನೆಯ ಮೆಟ್ಟಿಲಿಗೆ ಇಳಿಯುವಷ್ಟರಲ್ಲಿ ರಾಚಪ್ಪನಿಗೆ ನಿದ್ದೆ ಹತ್ತಿ ಉಸಿರು ಉದ್ದವಾಯಿತು, ಕನ್ನಡಕ ಮೂಗಿನ ತುದಿಗೆ ಜಾರಿತು. ಪ್ರಾಜಕ್ತಾ ಅದನ್ನು ತೆಗೆದು ಮಡಚಿ ಉಡಿಯಲ್ಲಿಟ್ಟುಕೊಂಡಳು. ಕತೆ ನಿಲ್ಲಿಸಲಿಲ್ಲ, ದನಿಯನ್ನಷ್ಟೇ ತಗ್ಗಿಸಿದಳು.